ಕರಡು ಓದುವ ಕೋಣೆ

ಅಚ್ಚುಕೂಟದ ಹಿಂಭಾಗದ ಚಿಕ್ಕ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಅವರಿಬ್ಬರದೇ ರಾಜ್ಯ. ಮೇಜಿನ ಆಚೆ ಕೂತು ಅಕ್ಕ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಈಚೆ ಕೂತ ಅವನು ಕೆಂಪು ಪೆನ್ನು ಹಿಡಿದು ಕರಡಿನಲ್ಲಿ ತಪ್ಪು ಹೆಕ್ಕುತ್ತಿದ್ದ. ಅಲ್ಪವಿರಾಮ, ಪೂರ್ಣವಿರಾಮ, ಇಲ್ಲಿ ದೀರ್ಘ, ಇಲ್ಲಿ ಒತ್ತು ಎಂದು ಎಲ್ಲವನ್ನೂ ಅಕ್ಕ ಬಾಯಿಬಿಟ್ಟು ಹೇಳಬೇಕು. ಅಭ್ಯಾಸಬಲ ಎಂಥದೆಂದರೆ, ಮನೆಯಲ್ಲಿ ಮಗಳನ್ನು ಗದರುವಾಗಲೂ "ಸಾಕು ಸುಮ್ನಿರು, ಪೂರ್ಣವಿರಾಮ" ಅಂದುಬಿಡುತ್ತಿದ್ದರಂತೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಅವನಿಗಿಂತ ಒಂಬತ್ತು ವರ್ಷ ದೊಡ್ಡವರು, ಅಷ್ಟೆ. ಅವನಿಗೆ ಚಿಕ್ಕಂದಿನಿಂದ ಉಗ್ಗು. ಕೇಳುವ ಕೆಲಸ ಸಿಕ್ಕಿತಲ್ಲ, ಬದುಕಿದೆ ಎಂದುಕೊಂಡೇ ಆ ಕುರ್ಚಿಯಲ್ಲಿ ಕೂತಿದ್ದ. ಬೀಜಗಣಿತ, ಪಶುವೈದ್ಯ, ಕಣ್ಣೀರು ಸುರಿಸುವ ಪ್ರೇಮಕಥೆ, ಎಲ್ಲವೂ ಅವನಿಗೆ ಅಕ್ಕನ ದನಿಯಲ್ಲೇ ಪರಿಚಯ.

ಆಮೇಲೆ ಆ ಕಾಯಿಲೆ ಬಂತು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕರಡು ಮನೆಯ ಕಂಪ್ಯೂಟರಿಗೆ ಬರತೊಡಗಿತು. ಅವನು ಒಬ್ಬನೇ ಮನಸ್ಸಿನಲ್ಲೇ ಓದಿದ, ಸಾಲಿಗೊಂದು ತಪ್ಪು ಬಿಟ್ಟ, ಮ್ಯಾನೇಜರರಿಂದ ಬೈಸಿಕೊಂಡ. ಮೊದಮೊದಲು ಅಕ್ಕನಿಗೆ ಫೋನ್ ಮಾಡುತ್ತಿದ್ದ. ಆದರೆ ಫೋನಿನಲ್ಲಿ ತುಟಿ ಕಾಣುವುದಿಲ್ಲ. ಇವನ ಮಾತು ಸಿಕ್ಕಿಕೊಂಡರೆ ಆಚೆಯವರು ಲೈನ್ ಕಟ್ಟಾಯಿತೆಂದು "ಹಲೋ, ಹಲೋ" ಅನ್ನುತ್ತಾರೆ. ನಾಚಿಕೆಯಾಗಿ ನಿಲ್ಲಿಸಿಬಿಟ್ಟ. ಅಕ್ಕ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರೆಂಬುದು ಗೊತ್ತಾದಾಗ ಅವರು ಮನೆಗೆ ಬಂದಾಗಿತ್ತು. ಒಂದು ಸಾಲಿನ ಮೆಸೇಜು ಕಳಿಸಿದ. ಅಷ್ಟಕ್ಕೇ ಸುಮ್ಮನಾದದ್ದು ಅವನನ್ನು ಚುಚ್ಚುತ್ತಲೇ ಇತ್ತು.

ಎರಡು ವರ್ಷ ತುಂಬುವ ಹೊತ್ತಿಗೆ, ಸೋಮವಾರದಿಂದ ಬನ್ನಿ ಎಂದು ಕರೆ ಬಂತು. ಅವನು ಒಂದು ಗಂಟೆ ಮೊದಲೇ ಹೋಗಿ ಬೀಗ ತೆಗೆದ. ಕ್ಯಾಲೆಂಡರು ಹಳೆಯ ವರ್ಷದ ಮಾರ್ಚಿನಲ್ಲೇ ನಿಂತಿತ್ತು. ಗೋಡೆಯಾಚೆ ಯಂತ್ರ ಹೊರಳಿ, ಶಾಯಿಯ ವಾಸನೆ ಮೂಗಿಗೆ ಬಡಿದಾಗ ಅವನ ಕಣ್ಣು ತುಂಬಿ ಬಂತು. ಧೂಳಿಗೆ ಇರಬೇಕು ಎಂದುಕೊಂಡು ಮೇಜು ಒರೆಸಿದ.

ಅಕ್ಕ ನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಂತು ಬಂದರು. ತಲೆಯೆಲ್ಲ ಬೆಳ್ಳಗಾಗಿತ್ತು.

"ಏನೋ ತಮ್ಮ, ನಾನು ಇಳಿದಷ್ಟೂ ನೀನೇ ಊದಿದ್ದೀಯಲ್ಲೋ!"

ಅವನು ನಕ್ಕ. ಹೇಳಬೇಕೆಂದು ಕೂಡಿಟ್ಟದ್ದೆಲ್ಲ ನಾಲಿಗೆಯ ತುದಿಯಲ್ಲೇ ಕೂತಿತು. "ಫೋ... ಫೋನ್ ಮಾಡ್ಲಿಲ್ಲ ಅಕ್ಕ."

"ಮಾಡಿದ್ರೂ ಎತ್ತೋ ಶಕ್ತಿ ಎಲ್ಲಿತ್ತು? ನಿನ್ನ ಮೆಸೇಜು ಓದಿದೆ. 'ಚೇತರಿಸಿಕೊಳ್ಳಿ' ಅನ್ನೋದ್ರಲ್ಲಿ ಒತ್ತು ಬಿಟ್ಟಿದ್ದೆ ನೀನು. ಮಲಗಿದಲ್ಲೇ ತಿದ್ದಿಕೊಂಡೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅಕ್ಕನಿಗೆ ಕೆಮ್ಮು ಬಂತು.

ಮೊದಲ ಕೆಲಸ ಜೇನುಸಾಕಣೆಯ ಪುಸ್ತಕ. ಅಕ್ಕ ಕನ್ನಡಕ ಏರಿಸಿ ಓದತೊಡಗಿದರು. ನಾಲ್ಕನೆಯ ಸಾಲಿಗೆ ಉಸಿರು ಕೈಕೊಟ್ಟಿತು. ನೀರು ಕುಡಿದು ಮತ್ತೆ ಹಿಡಿದರು, ಎರಡೇ ಸಾಲು. ಹಾಳೆ ಕೆಳಗಿಟ್ಟರು.

"ನನ್ನ ಕೈಲಾಗಲ್ಲ ಕಣೋ. ಮನೇಲಿ ಓದಿ ನೋಡಿದ್ದೆ, ಅಲ್ಲೂ ಹೀಗೇ. ಆದ್ರೂ ಒಂದು ದಿನ ಇಲ್ಲಿ ಬಂದು ಕೂತು ಹೋಗೋಣ ಅನ್ನಿಸ್ತು. ಮ್ಯಾನೇಜರಿಗೆ ಹೇಳಿ ಬಿಟ್ಟುಬಿಡ್ತೀನಿ."

ಅವನು ಕೈಚಾಚಿ ಮೂಲಪ್ರತಿಯನ್ನು ತನ್ನತ್ತ ಎಳೆದುಕೊಂಡ. ಕೆಂಪು ಪೆನ್ನನ್ನೂ ಕರಡನ್ನೂ ಅವರ ಮುಂದೆ ಸರಿಸಿದ.

"ರಾ... ರಾಣಿ ಜೇ... ಜೇ..."

ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿ ಓದಿಸಿದ ದಿನಗಳೆಲ್ಲ ಬೆನ್ನ ಹಿಂದೆ ನಿಂತು ನಕ್ಕ ಹಾಗಾಯಿತು. ಅವನ ಮಾತನ್ನು ಎದುರಿನವರು ಪೂರೈಸಿಬಿಡುವುದು ವಾಡಿಕೆ. ಅಕ್ಕ ಪೂರೈಸಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಪೆನ್ನಿನ ತುದಿಯನ್ನು ಆ ಅಕ್ಷರದ ಮೇಲಿಟ್ಟು ಕಾದರು.

"ಜೇನು," ಎಂದ ಅವನು, "ಅಲ್ಪವಿರಾಮ."

ಮಧ್ಯಾಹ್ನದ ಹೊತ್ತಿಗೆ ಆದದ್ದು ಮೂರು ಪುಟ. ಹಿಂದೆ ಇಪ್ಪತ್ತು ಆಗುತ್ತಿತ್ತು. "ತುಂಬಾ ನಿ... ನಿಧಾನ ಆಯ್ತು," ಎಂದ.

"ಆಗ್ಲಿ ಬಿಡು. ನೀನು ನಿಲ್ಲೋ ಕಡೆಯೆಲ್ಲ ನನಗೂ ಉಸಿರು ಸಿಗತ್ತೆ," ಎಂದು ಅಕ್ಕ ಪುಟ ತಿರುಗಿಸಿದರು. ಅಂಚು ತುಂಬ ಕೆಂಪು ಗುರುತು.

ಮ್ಯಾನೇಜರು ವಾರವಿಡೀ ಗೊಣಗಿದರು. ಅಚ್ಚಾಗಿ ಬಂದ ಜೇನಿನ ಪುಸ್ತಕದಲ್ಲಿ ಹುಡುಕಿದರೂ ಒಂದೂ ತಪ್ಪು ಸಿಗದೆ ಹೋದಾಗ ಬಾಯಿ ಮುಚ್ಚಿಕೊಂಡರು. ಅಕ್ಕ ಕೆಲಸ ಬಿಡಲಿಲ್ಲ. ನಿವೃತ್ತಿಯವರೆಗೆ ಇನ್ನೂ ಒಂದೂವರೆ ವರ್ಷ ಅವನು ಓದಿದ, ಅವರು ತಿದ್ದಿದರು. ಸಂಜೆ ಬಸ್‌ಸ್ಟಾಪಿನವರೆಗೆ ಇಬ್ಬರೂ ಅಕ್ಕನ ನಡಿಗೆಯಲ್ಲೇ, ನಿಂತು ನಿಂತು ಹೋಗುತ್ತಿದ್ದರು. ದಾರಿಯುದ್ದಕ್ಕೂ ಮಾತು ಮಾತ್ರ ಹೆಚ್ಚಾಗಿ ಅವನದೇ.