ಎಲೆ ಅಡಿಕೆ ಮುಗಿಯುವ ತನಕ

ಹೆಗಲಿಗೇರಬೇಕಿದ್ದ ಚಟ್ಟದಿಂದ ಸಿದ್ದಯ್ಯ ಕೈ ತೆಗೆದ.

“ಪೊಲೀಸಿಗೆ ಹೇಳದೆ ನಾನಂತೂ ಹೊರಲ್ಲ. ನಿನ್ನೆ ಸಾಯಂಕಾಲ ಹುಚ್ಚಮ್ಮ ತನ್ನ ಕಷಾಯ ತಾನೇ ಕುಡಿದ್ಲು, ಬೆಳಗಾಗೋದ್ರಲ್ಲಿ ಹೋದ್ಲು. ವಿಷ ಅಲ್ದೆ ಇನ್ನೇನು?”

“ಎಪ್ಪತ್ತು ವರ್ಷದ ಎದೆ, ನಿಂತೋಯ್ತು,” ಎಂದಳು ಸತ್ತವಳ ಮಗಳು ವಸಂತಮ್ಮ.

ಕೋಟೆಯ ಆ ಓಣಿಯಲ್ಲಿ ಹುಚ್ಚಮ್ಮನ ನೆಲಬೇವಿನ ಕಷಾಯ ಕುಡಿಯದ ನಾಲಗೆ ಇರಲಿಲ್ಲ. ಯುದ್ಧ ಬಂದು ಆಸ್ಪತ್ರೆಯಲ್ಲಿ ಕ್ವಿನೈನ್ ಮುಗಿದ ಮೇಲೆ ಚಳಿಜ್ವರದವರೆಲ್ಲ ಅವಳ ಜಗಲಿಗೇ ಬರುತ್ತಿದ್ದರು. ಹೋದ ಆಷಾಢದಲ್ಲಿ ಸಿದ್ದಯ್ಯನೂ ಬಂದಿದ್ದ, ಇಬ್ಬರ ಹೆಗಲ ಮೇಲೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಲ್ಯಾಬೊರೇಟರಿ ಕೆಲಸದಲ್ಲಿದ್ದ ಗಂಗಾಧರಪ್ಪನವರೂ ಮಣ್ಣಿಗೆ ಬಂದಿದ್ದರು. ವಸಂತಮ್ಮ ಅವರತ್ತ ತಿರುಗಿದಳು.

“ನೀವು ಸೊಪ್ಪು ಒಯ್ದು ಪರೀಕ್ಷೆ ಮಾಡಿದ್ರಲ್ಲ, ಹೇಳಿ.”

“ಮಾಡಿದ್ದೆ. ಕಹಿ ಸತ್ವ ಬೇರೆ ಮಾಡಿದೆ, ಸುಟ್ಟು ಬೂದಿಯ ಉಪ್ಪು ನೋಡಿದೆ. ಕೆಟ್ಟದ್ದೇನೂ ಸಿಗಲಿಲ್ಲ.” ಅವರು ತಡೆದರು. “ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ ನೋಡಿ. ಪ್ರಮಾಣ ಮಾಡಿ ಹೇಳಲಾರೆ.”

ವಸಂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

*

ಅವ್ವನ ಪರೀಕ್ಷೆಯೇ ಬೇರೆ. ಗಿಡ ಒಂದೇ ಆದರೂ ಬಂಡೆಯ ಸಂದಿನದರ ಬಿರುಸು ಬಯಲಿನದಕ್ಕಿಲ್ಲ ಎಂದು, ಪ್ರತಿ ಮಡಕೆಯ ಮೊದಲ ಲೋಟವನ್ನು ರೋಗಿಯ ಎದುರಿಗೇ ತಾನು ಕುಡಿಯುತ್ತಿದ್ದಳು. ಆಮೇಲೆ ಎಲೆ ಅಡಿಕೆ. ಅದನ್ನು ಜಗಿದು ಉಗಿಯುವ ತನಕ ಯಾರೂ ಕಷಾಯ ಮುಟ್ಟುವಂತಿರಲಿಲ್ಲ.

“ಕಹಿ ಎಲ್ಲ ವಿಷ ಅಲ್ಲ ಮಾರಾಯ, ವಿಷ ಎಲ್ಲ ಕಹಿ ಇರಲ್ಲ,” ಎಂದು ಗಂಗಾಧರಪ್ಪನವರನ್ನು ಛೇಡಿಸಿದ್ದಳು. “ನೀನು ನಿನ್ನ ಸೀಸೆ ಕೇಳು. ನಾನು ನನ್ನ ಹೊಟ್ಟೆ ಕೇಳ್ತೀನಿ.”

*

ವಸಂತಮ್ಮ ಒಳಗಿನಿಂದ ನಿನ್ನೆಯ ಮಡಕೆಯನ್ನೇ ತಂದಳು. ಲೋಟಕ್ಕೆ ಬಗ್ಗಿಸಿ, ಎತ್ತಿ ಅರ್ಧ ಕುಡಿದಳು. ಹೆಣದ ಪಕ್ಕ ಕೂತು ಅವ್ವನ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.

ನೆರೆಮನೆಯ ನಂಜಮ್ಮ ಬಾಯಿ ಮೇಲೆ ಕೈಯಿಟ್ಟಳು. “ಹೆಣದ ಮುಂದೆ ಎಲೆ ಅಡಿಕೆನಾ? ಜನ ಏನಂತಾರೆ ಮಾರಾಯ್ತಿ?”

“ನಮ್ಮವ್ವ ವಿಷ ಕಾಯಿಸ್ತಿದ್ಲು ಅಂದಾಯ್ತಲ್ಲ. ಇನ್ನೇನು ಉಳಿದಿದೆ ಅನ್ನೋಕೆ?”

ಅವಳು ಸಿದ್ದಯ್ಯನ ಮುಖ ನೋಡುತ್ತಲೇ ನಿಧಾನವಾಗಿ ಜಗಿದಳು. ಅಂಗಳದ ಬಿಸಿಲು ಜಗಲಿಗೆ ಹತ್ತಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದವಡೆ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಎದ್ದು ಮೋರಿಗೆ ಉಗಿದು ಬಂದಳು. ಉಳಿದರ್ಧ ಲೋಟವನ್ನು ಸಿದ್ದಯ್ಯನ ಮುಂದೆ ಹಿಡಿದಳು.

“ಈಗ ನಿಂದು.”

ಸಿದ್ದಯ್ಯ ಅವಳ ಕೆಂಪು ತುಟಿ ನೋಡಿದ. ಲೋಟ ತೆಗೆದುಕೊಂಡು, ಹೋದ ಆಷಾಢದಲ್ಲಿ ಕುಡಿದ ಹಾಗೆಯೇ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದ. ಕಹಿಗೆ ಮುಖ ಕಿವಿಚಿಕೊಂಡೇ ಬಗ್ಗಿ, ಚಟ್ಟಕ್ಕೆ ಹೆಗಲು ಕೊಟ್ಟ.