ಅಜ್ಜ ಯಾವ ಅಂಗಿ ಹಾಕಿಕೊಳ್ಳಬೇಕಿತ್ತು?

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಇಸ್ತ್ರಿಯವನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಬಡಗಿಯಜ್ಜನ ಕಾಲು. ಅಜ್ಜ ಬಾಡಿಗೆಗಿದ್ದ ಕೋಣೆಯನ್ನು ಕೆಡವಿ ಗೋದಾಮು ಕಟ್ಟಿದ ಮೇಲೆ ಅಂಗಡಿಯ ಜಗಲಿಯೇ ಅವನ ಮನೆ. ಇಸ್ತ್ರಿ ಮೇಜಿನ ಅಲುಗಾಡುವ ಕಾಲನ್ನು ಗಟ್ಟಿ ಮಾಡಿಕೊಟ್ಟವನು ಅವನೇ. ಈಗ ಅವನ ಕಾಲಿಗೇ ಹುಣ್ಣು. ಸಕ್ಕರೆ ಕಾಯಿಲೆಯ ಮೈ, ಮಾಯುವ ಮಾತೇ ಇಲ್ಲ. ಗಿರಾಕಿಗಳು ಮೂಗು ಮುಚ್ಚಿಕೊಂಡು ಬಟ್ಟೆ ಕೊಟ್ಟು ಹೋಗುತ್ತಿದ್ದರು. ಇಸ್ತ್ರಿಯವ ಗೊಣಗುತ್ತಿದ್ದ, ಆದರೆ ಎಬ್ಬಿಸಿ ಕಳಿಸುವಷ್ಟು ಕಲ್ಲು ಮನಸ್ಸು ಅವನದಲ್ಲ.

ಇಸ್ತ್ರಿಯವನ ಹೆಂಡತಿಯ ತಂಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅಕ್ಕನನ್ನು ನೋಡಲು ಬಂದವಳು ಅಜ್ಜನ ಕಾಲು ನೋಡಿ ಅಲ್ಲೇ ಕೂತುಬಿಟ್ಟಳು. ಹೊಸ ಕಾಯ್ದೆ ಬಂದಿದೆ ಎಂದಳು. ಮನೆಯಿಲ್ಲದವರಿಗೆ ಆಸ್ಪತ್ರೆ, ವಸತಿ, ಊಟ ಎಲ್ಲ ಬೇರೆ ಬೇರೆ ಕಡೆ ಇವೆಯಲ್ಲ, ಅವನ್ನೆಲ್ಲ ಜೋಡಿಸಿ ಒಟ್ಟಿಗೆ ನಡೆಸುವ ಅಧಿಕಾರ ಈಗ ನಗರಸಭೆಗೇ ಸಿಕ್ಕಿದೆಯಂತೆ. ಆದರೆ ನಗರಸಭೆ ಠರಾವು ಮಾಡಿದರೆ ಮಾತ್ರ. ಈ ವಾರವೇ ಸಭೆ, ಭಾವನೂ ಬರಬೇಕು ಎಂದು ಪಟ್ಟು ಹಿಡಿದಳು.

ಇಸ್ತ್ರಿಯವ ಪೆಟ್ಟಿಗೆಗೆ ಕೆಂಡ ತುಂಬುತ್ತ ನಕ್ಕ.

"ಆಸ್ಪತ್ರೆ ಇದೆ, ವಸತಿ ಕೇಂದ್ರ ಇದೆ. ಕರ್ಕೊಂಡು ಹೋಗೋರಿಲ್ಲ, ಅಷ್ಟೇ. ಅದಕ್ಕೊಂದು ಕಾಯ್ದೆ ಯಾಕಮ್ಮ? ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ನೋಡ್ತಿರು."

"ಹೋಗಿ ಬನ್ನಿ ಭಾವ. ಆಮೇಲೆ ಮಾತಾಡೋಣ," ಎಂದಳು ಅವಳು.

ಮರುದಿನ ಆಸ್ಪತ್ರೆಯ ಬಾಗಿಲಲ್ಲೇ ಕಾವಲುಗಾರ ಕೈ ಅಡ್ಡ ಇಟ್ಟ. ಇಷ್ಟು ಕೊಳಕಾಗಿ ಒಳಗೆ ಬಿಡುವಂತಿಲ್ಲ, ಸ್ನಾನ ಮಾಡಿಸಿ ಕರೆತನ್ನಿ ಎಂದ. ಸರಿ, ವಾಪಸ್ಸು. ಹೆಂಡತಿ ನೀರು ಕಾಯಿಸಿದಳು. ಇಸ್ತ್ರಿಯವ ತನ್ನ ಬಿಳಿ ಅಂಗಿಯೊಂದನ್ನು ತೆಗೆದು, ಮದುವೆಗಂಡಿನ ಬಟ್ಟೆಗೂ ತೋರದ ಮುತುವರ್ಜಿಯಿಂದ ಗರಿಗರಿಯಾಗಿ ಇಸ್ತ್ರಿ ಮಾಡಿದ. ತೋಳಿನ ಗೆರೆ ಕತ್ತಿಯ ಅಲುಗಿನ ಹಾಗಿತ್ತು. ಅಜ್ಜ ಅದನ್ನು ತೊಟ್ಟು ನೆಟ್ಟಗೆ ನಿಂತ. ಈ ಸಲ ಆಸ್ಪತ್ರೆಯಲ್ಲಿ ಯಾರೂ ತಡೆಯಲಿಲ್ಲ.

ಡಾಕ್ಟರಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದರು. ನೀರು, ಧೂಳು ತಾಗಬಾರದು, ದಿನವೂ ಪಟ್ಟಿ ಬದಲಾಯಿಸಬೇಕು, ಮಲಗಲು ಹಾಸಿಗೆ ಬೇಕೇ ಬೇಕು, ಇಲ್ಲದಿದ್ದರೆ ಪಾದ ಕತ್ತರಿಸಬೇಕಾಗುತ್ತದೆ ಎಂದರು. ಹಾಸಿಗೆ ಮಾತ್ರ ಇಲ್ಲಿ ಖಾಲಿ ಇಲ್ಲ, ವಸತಿ ಕೇಂದ್ರಕ್ಕೆ ಹೋಗಿ ಎಂದರು.

ಊರಿನ ಇನ್ನೊಂದು ತುದಿಯಲ್ಲಿತ್ತು ವಸತಿ ಕೇಂದ್ರ. ಅಲ್ಲಿನ ಮೇಲ್ವಿಚಾರಕ ಅಜ್ಜನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಅವನ ಕಣ್ಣು ತೋಳಿನ ಗೆರೆಯ ಮೇಲೆ ನಿಂತಿತು.

"ಇದು ಗತಿಯಿಲ್ಲದವರಿಗೆ ಇರೋ ಜಾಗ. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದಾರೆ, ಮನೇಲಿ ಜಗಳ ಆಡ್ಕೊಂಡು ಬಂದ್ರಾ?"

ಇಸ್ತ್ರಿಯವ ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿ ಎಂದು ಕೈಮುಗಿದ. ಆಸ್ಪತ್ರೆ ಬೇರೆ ಇಲಾಖೆ, ನಾವು ಬೇರೆ, ಅವರನ್ನು ಕೇಳುವ ಅಧಿಕಾರ ನಮಗಿಲ್ಲ ಎಂಬ ಉತ್ತರ ಬಂತು. ಬಾಗಿಲು ಮುಚ್ಚಿತು.

ಮೆಟ್ಟಿಲ ಮೇಲೆ ಕೂತ ಅಜ್ಜ ಅಂಗಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹಿಸುಕತೊಡಗಿದ. "ಮುದುರಿದ್ರೆ ಬಿಡ್ತಾರೇನೋ, ಕೇಳಪ್ಪಾ."

ಇಸ್ತ್ರಿಯವನಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸಕ್ಕೆ ಸೇರಿದಂದಿನಿಂದ ಬಟ್ಟೆಯ ಸುಕ್ಕು ತೆಗೆದ ಕೈ ಅವನದು. ಒಬ್ಬ ಮುದುಕ ತಲೆಯ ಮೇಲೊಂದು ಸೂರಿಗಾಗಿ ಅಂಗಿ ಮುದುರಿಕೊಳ್ಳುವುದನ್ನು ಅವನು ನೋಡಬೇಕಾಯಿತು. ಥೂ, ಇದೆಂಥ ವ್ಯವಸ್ಥೆ!

ಅಜ್ಜ ಮತ್ತೆ ಅದೇ ಜಗಲಿಗೆ, ಅದೇ ಧೂಳಿಗೆ ಬಂದ. ಸಭೆಯ ದಿನದ ಹೊತ್ತಿಗೆ ಪಟ್ಟಿ ಕಪ್ಪಾಗಿತ್ತು.

ಸಭೆಯಲ್ಲಿ ಒಬ್ಬ ಸದಸ್ಯರು, ಇಷ್ಟೆಲ್ಲ ಅನುಕೂಲ ಮಾಡಿದರೆ ಊರೂರಿನವರೂ ಬಂದು ಇಲ್ಲೇ ಠಿಕಾಣಿ ಹೂಡುತ್ತಾರೆ ಎಂದು ವಾದ ಹೂಡಿದ್ದರು. ಹಿಂದಿನ ಸಾಲಿನಿಂದ ಇಸ್ತ್ರಿಯವ ಎದ್ದ. ಕೈಯಲ್ಲಿ ಆ ಮುದುರಿದ ಅಂಗಿ.

"ಕೊಳೆ ಬಟ್ಟೆ ಅಂತ ಆಸ್ಪತ್ರೆ ತಳ್ಳಿತು. ಇಸ್ತ್ರಿ ಬಟ್ಟೆ ಅಂತ ವಸತಿ ಕೇಂದ್ರ ತಳ್ಳಿತು. ಅಜ್ಜ ಯಾವ ಬಟ್ಟೆ ಹಾಕ್ಕೋಬೇಕು, ನೀವೇ ಹೇಳಿ ಸ್ವಾಮಿ. ನಾನು ಅದನ್ನೇ ಇಸ್ತ್ರಿ ಮಾಡಿ ಕೊಡ್ತೀನಿ."

ನರ್ಸು ಎದ್ದು ಕಾಯ್ದೆಯಲ್ಲಿ ಏನಿದೆಯೆಂದು ಬಿಡಿಸಿ ಹೇಳಿದಳು. ಆಸ್ಪತ್ರೆಯವರೂ ವಸತಿಯವರೂ ಒಂದೇ ಮೇಜಿಗೆ ಬರಬೇಕು, ಮನೆಯಿಲ್ಲದ ಒಬ್ಬೊಬ್ಬರಿಗೂ ಜವಾಬ್ದಾರರಾದ ಒಬ್ಬರು ಇರಬೇಕು, ಯಾವ ಬಾಗಿಲಿಗೆ ಬಂದರೂ ಅಲ್ಲಿಂದಲೇ ಮುಂದಿನ ಬಾಗಿಲು ತೆರೆಸಬೇಕು. ಠರಾವು ಅಂದೇ ಪಾಸಾಯಿತು.

ಅಜ್ಜನಿಗೆ ಹಾಸಿಗೆ ಸಿಕ್ಕಿತು. ಪಾದ ಉಳಿಯಿತು, ಹೆಬ್ಬೆರಳು ಹೋಯಿತು. ಮೊದಲ ದಿನವೇ ಯಾರಾದರೂ ಆ ಒಂದು ಫೋನ್ ಮಾಡಿದ್ದರೆ ಅದೂ ಉಳಿಯುತ್ತಿತ್ತು ಎಂದು ಡಾಕ್ಟರಮ್ಮನೇ ಹೇಳಿದರು. ಇಸ್ತ್ರಿಯವ ಈಗ ನಗರಸಭೆಯ ಒಂದು ಸಭೆಯನ್ನೂ ತಪ್ಪಿಸುವುದಿಲ್ಲ. ನಾದಿನಿಯ ಮುಂದೆ ಸೋತೆ ಎಂದು ಒಪ್ಪಿಕೊಳ್ಳಲು ಮಾತ್ರ ಇನ್ನೂ ಬಿಗುಮಾನ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಬೀದಿಯ ಜಗಲಿಯ ಮೇಲೂ ಯಾರೋ ಒಬ್ಬರು ಮಲಗಿರುತ್ತಾರೆ. ಅವರಿಗಾಗಿ ಇರುವ ಬಾಗಿಲುಗಳು ಒಂದಕ್ಕೊಂದು ಮಾತಾಡುತ್ತಿವೆಯೇ ಎಂದು ನಿಮ್ಮ ಸದಸ್ಯರನ್ನು ಕೇಳಿ. ಇಲ್ಲವೆಂದರೆ ಸಭೆಗೆ ಹೋಗಿ, ಎದ್ದು ನಿಲ್ಲಿ. ಇನ್ನೊಬ್ಬರು ತಮ್ಮ ಅಂಗಿಯನ್ನು ತಾವೇ ಮುದುರಿಕೊಳ್ಳುವ ತನಕ ಕಾಯಬೇಡಿ.