ರೋಗಿಗೂ ನಿಮಗೂ ಏನು ಸಂಬಂಧ?

ನಮ್ಮ ಬೋರ್ಡ್ ಬರೆಯುವ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಒಂದೇ ಕ್ರಮ. ಅವನು ಪೆನ್ಸಿಲ್ಲಿನಲ್ಲಿ ಅಕ್ಷರದ ಅಂಚು ಎಳೆಯಬೇಕು, ನಾನು ಬಣ್ಣ ತುಂಬಬೇಕು. ಅವನು ಬ್ರಷ್ ಮುಟ್ಟಿದವನಲ್ಲ, ನಾನು ಒಂದು ಗೆರೆ ನೆಟ್ಟಗೆ ಎಳೆದವನಲ್ಲ. ಬೀದಿಯವರೆಲ್ಲ ಅವನನ್ನು ಸ್ಕೇಲು ಎನ್ನುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವನು. ವಯಸ್ಸಿನಲ್ಲಿ ಮಾತ್ರ, ಬುದ್ಧಿಯಲ್ಲೇನೂ ಅಲ್ಲ.

ಗಿರಾಕಿಗಳು "ಅಣ್ಣ ತಮ್ಮಂದಿರಾ?" ಎಂದರೆ ಸಾಕು, ಅವನಿಗೆ ಮೂಗಿನ ತುದಿಯಲ್ಲೇ ಕೋಪ.

"ಅಲ್ಲ ಸ್ವಾಮಿ, ಪಾಲುದಾರರು. ಅಣ್ಣ ತಮ್ಮ ಹುಟ್ಟಿನಿಂದ ಗಂಟುಬೀಳ್ತಾರೆ. ಇವನನ್ನ ನಾನೇ ನೋಡಿ ಆರಿಸ್ಕೊಂಡಿದ್ದು."

"ಕಣ್ಣು ಮುಚ್ಕೊಂಡು ಆರಿಸಿರ್ಬೇಕು," ಎನ್ನುತ್ತಿದ್ದೆ ನಾನು. ಆದರೂ ಅವನ ಬಾಯಲ್ಲಿ ಆ ಮಾತು ಕೇಳುವುದು ನನಗೆ ಬಲು ಇಷ್ಟ. ಒಂದು ಪದ ತಪ್ಪಿದರೆ ಇಡೀ ಹಲಗೆಯನ್ನೇ ಉಜ್ಜಿ ಮತ್ತೆ ಬರೆಯುವ ಜನ ನಾವು.

ಮೊನ್ನೆ ಬೆಳಿಗ್ಗೆ ಏಣಿಯ ಬುಡದಲ್ಲಿ ಎದೆ ಹಿಡಿದುಕೊಂಡು ಕುಸಿದ. ಹೆಂಡತಿ ಮಕ್ಕಳಿಲ್ಲದವನು, ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಕಿಟಕಿಯ ಹಿಂದಿದ್ದ ಹೆಂಗಸು ನನಗೊಂದು ಫಾರಂ ಕೊಟ್ಟಳು. ಸಂಬಂಧ ಎಂದಿದ್ದ ಕಡೆ ದುಂಡಗೆ 'ಪಾಲುದಾರ' ಎಂದು ಬರೆದೆ.

"ವ್ಯಾಪಾರದೋರಾ? ಒಳಗೆ ಮನೆಯವರನ್ನ ಮಾತ್ರ ಬಿಡೋದು. ಅಲ್ಲಿ ಕೂತ್ಕೊಳ್ಳಿ."

ಕೂತೆ. ಜಗಳವಾಡಬಹುದಿತ್ತು. ಒಂದು ಸುಳ್ಳು ಹೇಳಬಹುದಿತ್ತು. ಆದರೆ ತಪ್ಪು ಬರೆದರೆ ಗುಣವಾಗಿ ಬಂದ ಮೇಲೆ ಸ್ಕೇಲು ನನ್ನ ಜನ್ಮ ಜಾಲಾಡುತ್ತಾನೆ ಎಂದುಕೊಂಡೆ. ಬೆರಳಿಗೆ ಮೆತ್ತಿದ್ದ ನೀಲಿ ಬಣ್ಣ ಕೆರೆಯುತ್ತ, ಆ ಬಾಗಿಲನ್ನೇ ನೋಡುತ್ತ ಮೂರು ಗಂಟೆ ಕಳೆದೆ.

ಮಧ್ಯಾಹ್ನ ನರ್ಸ್ ಬಂದು ನನ್ನ ಪಕ್ಕ ಕೂತಳು. ಸ್ಕೇಲು ಹೋಗಿಬಿಟ್ಟಿದ್ದ.

"ನನ್ನನ್ನೇನಾದ್ರೂ ಕೇಳಿದ್ನಾ?"

"ಇಲ್ಲ ಅಂಕಲ್, ಅವರ ತಮ್ಮನನ್ನ ಕೇಳ್ತಾನೇ ಇದ್ರು. 'ನನ್ನ ತಮ್ಮ ಹೊರಗಿದಾನೆ, ಒಂದ್ಸಲ ಒಳಗೆ ಬಿಡಿ' ಅಂತ. ಫಾರಂ ನೋಡ್ದೆ. ತಮ್ಮ ಅಂತ ಯಾರೂ ಬಂದಿಲ್ಲ ಅಂದೆ. ಆಮೇಲೆ ಅವರು ಮಾತಾಡ್ಲಿಲ್ಲ."

ಗೋಡೆಯ ಮೇಲಿನ ಗಡಿಯಾರ ನೋಡಿ ಎದ್ದು ನಿಂತಳು.

"ಅವರಿಗೆ ಹೇಳಿ ಕಳಿಸ್ಬೇಕಲ್ಲ. ಎಲ್ಲಿದಾರೆ ಆ ತಮ್ಮ?"

"ಇಲ್ಲೇ ಕೂತಿದ್ದೆ ಕಣಮ್ಮಾ," ಎಂದೆ.